ಐವತ್ತೆರಡು ಹೆಜ್ಜೆ

ನಮ್ಮ ಮನೆಯಲ್ಲಿ ಗಾಳಿ ಯಾವಾಗಲೂ ಕಿಟಕಿಯ ಕಡೆಯಿಂದಲೇ ಬೀಸುತ್ತಿತ್ತು. ದುಬೈನ ಅಲ್ ಕುಸೈಸ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ಕಿಟಕಿಯ ಚೌಕಟ್ಟಿನೊಳಗೆ ಕೂರಿಸಿದ್ದ ಎಸಿ ಗುರುಗುಡುತ್ತ ತಣ್ಣನೆಯ ಗಾಳಿಯನ್ನು ಬಾಗಿಲಿನತ್ತ ತಳ್ಳುತ್ತಿತ್ತು. ಹಾಲ್‌ನ ಅರ್ಧವನ್ನು ಪ್ಲೈವುಡ್ ಹಲಗೆಯಿಂದ ಬೇರೆ ಮಾಡಿ ಫೆಲಿಕ್ಸ್ ಅಂಕಲ್‌ಗೆ ಕೊಟ್ಟಿದ್ದೆವು. ಅವರು ಮಂಗಳೂರು ಕಡೆಯವರು, ಹೋಟೆಲೊಂದರ ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವ ಕೆಲಸದವರು. ಹೆಂಡತಿ ಮಕ್ಕಳು ಊರಲ್ಲಿ. ಅವರ ಪಾಲಿಗೂ ತಂಪು ಹೋಗಲೆಂದು ಹಲಗೆಯನ್ನು ಛಾವಣಿಗಿಂತ ಒಂದು ಗೇಣು ಕೆಳಗೆ ನಿಲ್ಲಿಸಲಾಗಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸದೆ ಇರುತ್ತಿರಲಿಲ್ಲ. ನಾನು ಕಡಿಮೆ ಮಾತನಾಡುವವಳಾದದ್ದು ಹಲಗೆಯ ಆ ಒಂದು ಗೇಣು ಅಂತರದಿಂದಲೇ ಇರಬೇಕು. ಉಳಿದರ್ಧ ಹಾಲ್‌ನಲ್ಲಿ ಒಂದು ಸೋಫಾ, ನನ್ನ ಓದುವ ಮೇಜು, ಗೋಡೆಗೆ ಒರಗಿಸಿಟ್ಟ ಚಾಪೆ. ಆ ಚಾಪೆಯನ್ನು ವರ್ಷದಲ್ಲಿ ಮೂರು ನಾಲ್ಕು ಶುಕ್ರವಾರ ಮಾತ್ರ ಬಿಚ್ಚುತ್ತಿದ್ದರು. ಮಹಾನವಮಿಯ ಖಂಡೆ ಪೂಜೆಯಿಂದ, ಅಂದರೆ ಆಯುಧಪೂಜೆಯಿಂದ, ದೀಪಾವಳಿಯವರೆಗೆ ಅದು ಹೊಂಚಿನ ಚಾಪೆ. ಅದರ ಮೇಲೆ ಅಪ್ಪ ಚಿಗರಿ ಬೇಟೆಗೆ ಹೊಂಚು ಹಾಕುತ್ತಿದ್ದ.

ಅಪ್ಪನ ಊರು ಯಾದಗಿರಿ ಕಡೆಯ ಬಯಲು. ಅಲ್ಲಿ ಜಿಂಕೆಯನ್ನು ಚಿಗರಿ ಎನ್ನುತ್ತಾರೆ. ನಮ್ಮದು ಬಿಲ್ಲು ಹಿಡಿದವರ ಮನೆ. ಸರಕಾರ ಬೇಟೆ ನಿಲ್ಲಿಸಿದಾಗ ಅಪ್ಪ ಇನ್ನೂ ಚಡ್ಡಿ ಹಾಕದ ಮಗು. ಬೇಟೆ ನಿಂತರೂ ಬೇಟೆಯ ಹಬ್ಬ ನಿಲ್ಲಲಿಲ್ಲ. ಖಂಡೆ ಪೂಜೆಯ ದಿನ ಗೋಡೆಯ ಬಿಲ್ಲು ಕೆಳಗಿಳಿಯುತ್ತಿತ್ತು, ಪೂಜೆಯಾಗುತ್ತಿತ್ತು. ಆಮೇಲೆ ದೀಪಾವಳಿಯವರೆಗೆ ಗಂಡಸರೆಲ್ಲ ಸೇರಿ ಹಳೆಯ ಬೇಟೆಗಳ ಕಥೆ ಹೇಳುತ್ತ, ಹೋಗಲಾರದ ಹೊಸ ಬೇಟೆಗೆ ಹೊಂಚು ಹಾಕುತ್ತಿದ್ದರು. ದುಬೈಗೆ ಬಂದ ಅಪ್ಪ ತನ್ನ ಜೊತೆ ತಂದದ್ದು ಇದೊಂದನ್ನೇ. ಬಿಲ್ಲು ವಿಮಾನ ಹತ್ತುವಂತಿರಲಿಲ್ಲ. ಆದ್ದರಿಂದ ಖಂಡೆ ಪೂಜೆಯ ದಿನ ನೆಲದ ಮೇಲೆ ಕುಂಕುಮದಲ್ಲಿ ಬಿಲ್ಲಿನ ಬಾಗು ಬರೆದು, ಅದರ ಮುಂದೆ ತನ್ನ ಸ್ಪ್ಯಾನರು, ಫೆಲಿಕ್ಸ್ ಅಂಕಲ್‌ನ ಕತ್ತಿ, ಅವ್ವನ ಈಳಿಗೆ, ನನ್ನ ಕಂಪಾಸ್ ಪೆಟ್ಟಿಗೆಯ ಕೈವಾರ ಇಡುತ್ತಿದ್ದ. ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಅವನ ಕೆಲಸ ಲಾರಿಗಳ ಭಾರ ಹೊರುವ ಉಕ್ಕಿನ ಪಾಟಾಗಳನ್ನು ಕಾಯಿಸಿ ಬಾಗಿಸುವುದು. ಕುಂಕುಮದ ಆ ಬಾಗು ಪ್ರತಿ ವರ್ಷವೂ ಅಳೆದಂತೆ ಒಂದೇ ತರಹ ಇರುತ್ತಿತ್ತು.

ಹೊಂಚು ಹೀಗೆ ನಡೆಯುತ್ತಿತ್ತು. ಶುಕ್ರವಾರ ಅವ್ವ ಒಳಗೆ ಮಟನ್ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಚಾಪೆಯ ಮೇಲೆ ಪೇಪರು ಹಾಸಿ, ತೊಗರಿಬೇಳೆ ಚೆಲ್ಲಿ ಹುಲ್ಲು ಮಾಡುತ್ತಿದ್ದರು. ಖರ್ಜೂರದ ಬೀಜ ಚಿಗರಿ. ನನ್ನ ತುಂಡು ರಬ್ಬರು ಎತ್ತು. ಬಯಲಿನಲ್ಲಿ ಅಡಗಲು ಮರವಿಲ್ಲ, ಬಂಡೆಯಿಲ್ಲ. ಚಿಗರಿ ಮನುಷ್ಯನಿಗೆ ಹೆದರುತ್ತದೆ, ಎತ್ತಿಗೆ ಹೆದರುವುದಿಲ್ಲ. ಹಾಗಾಗಿ ಪಳಗಿಸಿದ ಎತ್ತನ್ನು ಮೇಯಲು ಬಿಟ್ಟಂತೆ ಬಿಟ್ಟು, ಅದರ ಹೆಗಲಿನ ಮರೆಯಲ್ಲಿ ಬಾಗಿ, ಅದು ಕಾಲಿಟ್ಟಾಗ ಕಾಲಿಟ್ಟು, ಅದು ನಿಂತಾಗ ನಿಂತು ಹೋಗಬೇಕು. ನೇರ ಹೋಗಬಾರದು, ಎತ್ತು ಎಲ್ಲಿಗೋ ಹೊರಟಂತೆ ಓರೆಯಾಗಿ ಹೋಗಬೇಕು. ನಲವತ್ತು ಹೆಜ್ಜೆಯೊಳಗೆ ನಿಂತವನ ಬಾಣಕ್ಕೆ ಮಾತ್ರ ಬೆಲೆ. ಇನ್ನು ಗಾಳಿ. ಅದು ನಮ್ಮ ವಾಸನೆಯನ್ನು ಚಿಗರಿಯತ್ತ ಒಯ್ಯದಂತೆ ಎದುರಿನಿಂದ ಬರಬೇಕು. ಎಸಿಯ ಜಾಲರಿಗೆ ಟಿಶ್ಯೂ ಪೇಪರಿನ ಎಳೆಯೊಂದನ್ನು ಕಟ್ಟಿದ್ದರು. ಅದು ಹಾರುವ ದಿಕ್ಕೇ ಆ ಬಯಲಿನ ಗಾಳಿಯ ದಿಕ್ಕು.

ಕಥೆಗೂ ನಿಯಮಗಳಿದ್ದವು. ಯಾರ ಬೇಟೆಯೇ ಆಗಿರಲಿ, ಹೇಳುವವನು ‘ನಾನು’ ಎಂದೇ ಹೇಳಬೇಕು. ಅಜ್ಜನ ಬೇಟೆ ಅಪ್ಪನ ಬಾಯಲ್ಲಿ ‘ನಾನು’; ಬೇಟೆಯ ಗಂಧಗಾಳಿಯಿಲ್ಲದ ಫೆಲಿಕ್ಸ್ ಅಂಕಲ್ ಬಾಯಲ್ಲೂ ಅದೇ ‘ನಾನು’. ಕಥೆಯೊಳಗೆ ಆಗಲಾರದ ಮಾತು ಬಂದರೆ ಕೇಳುವವರು ಯಾರಾದರೂ ‘ಚಿಗರಿ ಓಡಿತು!’ ಎನ್ನಬಹುದು. ಅಲ್ಲಿಗೆ ಕಥೆ ಮುಗಿಯಿತು. ಕಥೆ ಕೊನೆಯವರೆಗೆ ನಿಂತರೆ ಹೇಳಿದವನಿಗೆ ಊಟದಲ್ಲಿ ಕಲೇಜಿಯ, ಅಂದರೆ ಕುರಿಯ ಯಕೃತ್ತಿನ, ಪಾಲು. ಚಿಗರಿ ಓಡಿದರೆ ಆ ಪಾಲು ತಪ್ಪು ಹಿಡಿದವರಿಗೆ. ಅವ್ವ ಕಲೇಜಿಯನ್ನು ಬೇರೆಯೇ ಸಣ್ಣ ಬಾಣಲೆಯಲ್ಲಿ ಕರಿಮೆಣಸು ಹಾಕಿ ಹುರಿಯುತ್ತಿದ್ದಳು. ನಾಲ್ಕೇ ತುಂಡು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡಳು. ಅಪ್ಪ ಅಜ್ಜನನ್ನು ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಕರೆಸಿಕೊಂಡ. ಅಜ್ಜ ಬಂದ ಮೊದಲ ಶುಕ್ರವಾರ ಚಾಪೆ ಬಿಚ್ಚಿದರು. ಅಜ್ಜ ಸೋಫಾದ ಮೇಲೆ, ಕೋಲು ಮೊಣಕಾಲಿಗೆ ಒರಗಿಸಿಕೊಂಡು ಕೂತಿದ್ದ. ಅಪ್ಪ ಅಜ್ಜನದೇ ಒಂದು ಬೇಟೆಯನ್ನು ಅಜ್ಜನ ಎದುರಿಗೇ ‘ನಾನು’ ಎಂದು ಹೇಳಲು ಶುರುಮಾಡಿದ. ನಾನು ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೋ. ಬೆಳಗಿನ ಜಾವದ ಮಂಜಿಗೆ ಹುಲ್ಲೆಲ್ಲ ತೊಯ್ದು ಧೋತರದ ಅಂಚು ಹಿಂಡುವಷ್ಟು ಒದ್ದೆಯಾಗಿತ್ತು ಎಂದ. ಸ್ವಲ್ಪ ಹೊತ್ತಿನಲ್ಲೇ ಕಾಲ ಕೆಳಗೆ ತರಗೆಲೆ ಚಟ್ ಎಂದಿತು, ಚಿಗರಿ ಕಿವಿ ನಿಮಿರಿಸಿತು, ಉಸಿರು ಬಿಗಿಹಿಡಿದು ನಿಂತೆ ಎಂದ. ನನ್ನ ಬಾಯಿಂದ ಮಾತು ತಾನಾಗಿ ಬಂತು.

“ಚಿಗರಿ ಓಡಿತು.”

ಅಪ್ಪ ತಿರುಗಿ ನೋಡಿದ. ಮಾತನಾಡಿದ್ದು ಯಾರೆಂದು ಅವನಿಗೆ ಮೊದಲು ಹೊಳೆಯಲೇ ಇಲ್ಲ.

“ಏನಂದಿ?”

“ಒದ್ದಿ ಎಲಿ ಸಪ್ಪಳ ಮಾಡಂಗಿಲ್ಲ.”

ಫೆಲಿಕ್ಸ್ ಅಂಕಲ್ ತೊಡೆ ತಟ್ಟಿ ನಕ್ಕರು.

“ಹಣಮಂತಣ್ಣ, ಓಡಿತು ಮಾರಾಯ್ರೆ! ಮಂಜು ಬಿದ್ದ ಎಲೆ ಶಬ್ದ ಮಾಡುವುದುಂಟಾ? ಇಷ್ಟು ವರ್ಷ ನಾನು ಇದೇ ಕಥೆ ಕೇಳಿದ್ದೇನೆ, ನನ್ನ ತಲೆಗೆ ಹೋಗಲಿಲ್ಲ ನೋಡಿ.”

“ಬ್ಯಾಟಿಗಿ ಹೋದವ್ರ ಮಾತು ಇಲ್ಲಿ ನಡೀತದ,” ಎಂದ ಅಪ್ಪ. “ಇಕಿ ಎಲ್ಲಿಗಿ ಹೋಗ್ಯಾಳ?”

“ನಾನು ಎಲ್ಲಿಗೆ ಹೋಗಿದ್ದೇನೆ? ನಾನು ಮನೆಯ ಕೋಳಿ ಹಿಡಿಯಲಿಕ್ಕೂ ಹೋದವನಲ್ಲ.”

“ನಿಂದು ಬ್ಯಾರೆ ಮಾತು, ಫೆಲಿಕ್ಸ್.”

ಬೇರೆ ಮಾತು ಏನೆಂದು ಯಾರೂ ಕೇಳಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಸಣ್ಣ ಬಾಣಲೆಯನ್ನು ತನ್ನತ್ತ ಎಳೆದುಕೊಂಡು ನಾಲ್ಕೂ ತುಂಡುಗಳನ್ನು ತನ್ನ ತಟ್ಟೆಗೇ ಹಾಕಿಕೊಂಡ. ಒಂದೊಂದಾಗಿ, ಯಾರ ಮುಖವನ್ನೂ ನೋಡದೆ ತಿಂದ. ಅಜ್ಜ ರೊಟ್ಟಿ ಮುರಿಯುತ್ತಿದ್ದ. ಪಾತ್ರೆ ತೊಳೆಯುವಾಗ ಅವ್ವ ನನ್ನನ್ನು ಗದರಿಸಿದಳು. ಹಲಗೆಯ ಆಚೆಗೆ ಕೇಳಿಸಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟಿದ್ದಳು.

“ಮಂದಿ ಮುಂದ ಅಪ್ಪನ ಮಾತು ಮುರೀತಾರೇನು?”

“ಬಟ್ ಹಿ ವಾಸ್ ರಾಂಗ್, ಅವ್ವಾ.”

“ತಪ್ಪಿದ್ರ ತಪ್ಪಿರ್ಲಿ, ನುಂಗ್ಕೊ. ಒಂದು ತುಣುಕು ಕಲೇಜಿಗೆ ಇಷ್ಟ್ಯಾಕ? ಲಗ್ನ ಆದಾಗಿಂದ ನಾನೇ ಹುರೀಲಿಕತ್ತೀನಿ, ಒಮ್ಮಿನೂ ಬಾಯಾಗ ಇಟ್ಟಿಲ್ಲ. ಏನಾಗ್ಯಾದ ನನಗ?”

ನಿಜ ಹೇಳಬೇಕೆಂದರೆ ನನಗೆ ಕಲೇಜಿಯ ವಾಸನೆಯೇ ಸೇರುತ್ತಿರಲಿಲ್ಲ. ಆದರೆ ನಿಯಮ ನಿಯಮವೇ. ಆ ಪಾಲು ನನ್ನದಾಗಿತ್ತು, ನನಗೆ ಬರಲಿಲ್ಲ. ಈ ಹೊಂಚು ಮುಗಿಯುವುದರೊಳಗೆ ಅದನ್ನು ಅಪ್ಪನ ಕೈಯಿಂದಲೇ ನನ್ನ ತಟ್ಟೆಗೆ ಹಾಕಿಸಿಕೊಳ್ಳಬೇಕು ಎಂದು ಅಂದೇ ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡ ನಿರ್ಧಾರ ಗಟ್ಟಿಯಾಗುತ್ತದೆ ಎಂದು ಆಗಲೇ ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುತ್ತಿದ್ದಾಗ ಅಜ್ಜ ನನ್ನ ಜೊತೆ ಕೆಳಗಿಳಿದು ಬಂದ. ಮೆಟ್ಟಿಲುಗಳನ್ನು ಕೋಲಿನಿಂದ ಒಂದೊಂದಾಗಿ ತಟ್ಟಿ ಇಳಿಯುತ್ತಿದ್ದ.

“ತಂಗಿ, ಮಂಜು ಬಿದ್ದದ್ದೂ ಖರೆ, ಸಪ್ಪಳ ಆಗಿದ್ದೂ ಖರೆ.”

“ಹ್ಯಾಂಗ, ಅಜ್ಜ?”

“ಎಲಿ ಸಪ್ಪಳ ಅಲ್ಲದು. ನನ್ನ ಮೊಣಕಾಲಿಂದು. ಬಾಗಿದವ ಏಳ್ಲಾಕ ಹೋದ್ನಿ, ಚಟ್ ಅಂತು. ಚಿಗರಿ ಅವತ್ತು ಖರೇನ ಓಡಿತ್ತು.” ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ನಿಮ್ಮಪ್ಪಗ ಅಪ್ಪನ ಮೊಣಕಾಲು ಹೇಳ್ಲಾಕ ನಾಚಿಕಿ. ಎಲಿ ಮ್ಯಾಲ ಹಾಕ್ಯಾನ.”

ನಾನು ನಗಲಿಲ್ಲ. ಕೇಳಿದೆ:

“ನನಗ ಎತ್ತಿನ ಮರ್ಯಾಗ ನಡಿಯೂದು ಕಲಿಸ್ತಿ?”

ಅಜ್ಜ ಯಾಕೆಂದು ಕೇಳಲಿಲ್ಲ. ಎತ್ತು ಎಲ್ಲಿದೆ ಎಂದು ಮಾತ್ರ ಕೇಳಿದ.

ಎತ್ತು ಫೆಲಿಕ್ಸ್ ಅಂಕಲ್ ಆದರು. ಹೋಟೆಲಿನಲ್ಲಿ ಅವರಿಗೆ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯ ಕೆಲಸದವರೆಗೆ ಬಿಡುವು. ನಮ್ಮ ಕಟ್ಟಡದ ಹಿಂದೆ ಕಾರು ನಿಲ್ಲಿಸುವ ಮರಳಿನ ಖಾಲಿ ಜಾಗವಿತ್ತು. ಶಾಲೆಯಿಂದ ಬಂದು ಬಟ್ಟೆ ಬದಲಿಸಿ ನಾನು ಇಳಿಯುವಷ್ಟರಲ್ಲಿ ಅಜ್ಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆರಳು ಹಿಡಿದು ಕೂತಿರುತ್ತಿದ್ದ. ಫೆಲಿಕ್ಸ್ ಅಂಕಲ್ ಹೆಗಲಿಗೆ ಬೆಡ್‌ಶೀಟು ಹೊದ್ದು, ಸೊಂಟ ಬಗ್ಗಿಸಿ, ಕಾರುಗಳ ನಡುವೆ ನಿಧಾನವಾಗಿ ನಡೆಯುತ್ತಿದ್ದರು. ಚೂಯಿಂಗ್ ಗಮ್ ಜಗಿಯುವುದನ್ನು ಅವರೇ ಸೇರಿಸಿಕೊಂಡಿದ್ದರು.

“ಪುಟ್ಟಿ, ಈ ಎತ್ತಿಗೆ ಬೆನ್ನು ನೋವುಂಟು, ಬೇಗ ಕಲಿ. ಮೇಲಿನ ಮನೆಯವರು ಕಿಟಕಿಯಿಂದ ನೋಡುತ್ತಾ ಇದ್ದಾರೆ. ನಾಳೆ ಇಡೀ ಬಿಲ್ಡಿಂಗಿಗೆ ನನ್ನ ತಲೆ ಕೆಟ್ಟಿದೆ ಅಂತ ಸುದ್ದಿ.”

“ಎತ್ತು ಮಾತಾಡಂಗಿಲ್ಲ,” ಎನ್ನುತ್ತಿದ್ದ ಅಜ್ಜ.

ಅಜ್ಜ ಕಣ್ಣು ಮುಚ್ಚಿಕೊಂಡು ಕಲಿಸುತ್ತಿದ್ದ. ಸಪ್ಪಳ ಕೇಳಿಸಿಕೊಳ್ಳಲು ಹಾಗೆ ಮಾಡುತ್ತಾನೆ ಎಂದುಕೊಂಡಿದ್ದೆ. ನನ್ನ ಹಿಮ್ಮಡಿ ಮೊದಲು ತಾಗಿದರೆ ಕೋಲಿನಿಂದ ನೆಲ ತಟ್ಟುತ್ತಿದ್ದ. ಎತ್ತಿನ ಮುಂಗಾಲಿನ ಜೊತೆಗೇ ನನ್ನ ಕಾಲು ಬೀಳದಿದ್ದರೆ ಎರಡು ಸಲ ತಟ್ಟುತ್ತಿದ್ದ. ಮೊದಲ ವಾರ ಬರೀ ತಟ್ಟುವುದೇ ಆಯಿತು. ಪಾದದ ಹೊರ ಅಂಚನ್ನು ಮೊದಲು ಊರಿ, ಆಮೇಲೆ ಭಾರವನ್ನು ನಿಧಾನವಾಗಿ ಒಳಕ್ಕೆ ಇಳಿಸಬೇಕು. ನೋಡಬೇಕಾದ್ದನ್ನು ಕಣ್ಣಂಚಿನಿಂದ ನೋಡಬೇಕು, ನೇರ ನೋಡಿದರೆ ಅದಕ್ಕೆ ಗೊತ್ತಾಗುತ್ತದೆ. ಆಸೆಪಡಬಾರದು, ಆಸೆಪಟ್ಟರೆ ಹೆಜ್ಜೆ ಉದ್ದವಾಗುತ್ತದೆ. ಇದನ್ನೆಲ್ಲ ನಾನು ಗಣಿತದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡೆ. ಮನೆಯಲ್ಲಿ ಸ್ನಾನದ ಮನೆಗೆ ಹೋಗುವಾಗಲೂ ಹಾಗೆಯೇ ನಡೆದೆ. ಅವ್ವ ಎರಡು ಸಲ ಬೆಚ್ಚಿಬಿದ್ದು ಸೌಟಿನಿಂದ ಹೊಡೆಯಲು ಬಂದಳು.

ದೀಪಾವಳಿಗೆ ಹತ್ತು ದಿನವಿದ್ದಾಗ, ಹೊಂಚಿನ ಚಾಪೆಯ ಮೇಲೆ ಅಜ್ಜ ಖರ್ಜೂರದ ಬೀಜವನ್ನು ಬೆರಳುಗಳ ನಡುವೆ ಹೊರಳಿಸುತ್ತ ಕೇಳಿದ:

“ಈ ದೇಶದಾಗ ಖರೆ ಚಿಗರಿ ಇಲ್ಲೇನು?”

“ಉಂಟು, ಉಂಟು. ಗಜಾಲ್ ಅಂತ ಹೇಳುತ್ತಾರೆ,” ಎಂದರು ಫೆಲಿಕ್ಸ್ ಅಂಕಲ್. “ಮರುಭೂಮಿಯ ಕ್ಯಾಂಪಿಗೆ ಹೋಟೆಲಿನಿಂದ ಊಟ ಕೊಂಡುಹೋದಾಗ ನಾನೇ ನೋಡಿದ್ದೇನೆ. ಅಲ್ ಕುದ್ರಾ ದಾಟಿ ಸ್ವಲ್ಪ ಮುಂದೆ.”

“ಅದರ ಮೈ ಮುಟ್ಟಿದ್ರ ಖಲಾಸ್,” ಅಪ್ಪ ತಕ್ಷಣ ಹೇಳಿದ. “ಜೇಲು, ಆಮ್ಯಾಲ ಸೀದಾ ಊರಿಗಿ.”

“ಮುಟ್ಟವ್ರು ಯಾರು? ಬಿಲ್ಲಿಲ್ಲ, ಬಾಣಿಲ್ಲ. ಬರಿಗೈಲೆ ನಲವತ್ತು ಹೆಜ್ಜಿ ಒಳಗ ಹೋಗಿ ನಿಂತು ಬರ್ರಿ. ಯಾರು ನಿಂತು ಬರ್ತಾರ, ದೀಪಾವಳಿ ಕಥಿ ಅವ್ರದು. ಕಥಿ ನಿಂತ್ರ ಕಲೇಜಿನೂ ಅವ್ರದು.”

ಅಪ್ಪ ನಕ್ಕ. “ಯಪ್ಪಾ, ನಿನಗ ವಯಸ್ಸಾಗ್ಯಾದ. ಉಳಿದಂವ ನಾ ಒಬ್ಬನ. ಯಾರ ಸಂಗಾಟ ಪಂದ್ಯ?”

“ಇಕಿ ಸಂಗಾಟ.”

ಅಪ್ಪನ ನಗು ಒಂದು ಕ್ಷಣ ಮುಖದ ಮೇಲೆ ಹಾಗೆಯೇ ನಿಂತಿತು. ಅಡುಗೆಮನೆಯಲ್ಲಿ ಅವ್ವನ ಸೌಟೂ ನಿಂತಿತು. ಆಮೇಲೆ ಅಪ್ಪ “ಆಗ್ಲಿ, ಬರ್ಲಿ. ಗಾಡಿಯಾಗ ಜಾಗ ಅದ,” ಎಂದ.

ಮುಂದಿನ ಶುಕ್ರವಾರ ಹೊತ್ತು ಮೂಡುವ ಹೊತ್ತಿಗೆ ಗ್ಯಾರೇಜಿನ ಪಿಕಪ್‌ನಲ್ಲಿ ನಾವು ನಾಲ್ವರೂ ಅಲ್ಲಿದ್ದೆವು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ತೊಡೆಯ ಮೇಲಿತ್ತು. ಡಾಂಬರು ರಸ್ತೆ ಬಿಟ್ಟು ಮರಳಿನ ದಿನ್ನೆಯೊಂದರ ಮೇಲೆ ಗಾಡಿ ನಿಲ್ಲಿಸಿದಾಗ ಕೆಳಗಿನ ತಗ್ಗಿನಲ್ಲಿ, ಗಾಫ್ ಮರವೊಂದರ ಆಚೆ, ಮೂರು ಗಜಾಲ್‌ಗಳು ಮೇಯುತ್ತಿದ್ದವು. ಖರ್ಜೂರದ ಬೀಜದ್ದೇ ಬಣ್ಣ. ನಾನು ಜೀವಂತ ಚಿಗರಿಯನ್ನು ನೋಡಿದ್ದು ಅದೇ ಮೊದಲು. ಅಪ್ಪನೂ ಎಷ್ಟೋ ವರ್ಷಗಳ ಮೇಲೆ ನೋಡುತ್ತಿದ್ದ. ಅವನು ಚಪ್ಪಲಿ ಬಿಚ್ಚಿಟ್ಟ.

ಅಪ್ಪ ಮೊದಲು ಹೋದ. ಎತ್ತಿರಲಿಲ್ಲವಾದ್ದರಿಂದ ಕುರುಚಲು ಗಿಡಗಳ ಮರೆ ಹಿಡಿದು ಎಡಗಡೆಯಿಂದ ಸುತ್ತಿ ಹೊರಟ. ಚೆನ್ನಾಗಿಯೇ ನಡೆಯುತ್ತಿದ್ದ, ಅಷ್ಟು ದಪ್ಪದ ಮನುಷ್ಯ ಅಷ್ಟು ಹಗುರಾಗಿ ಬಾಗಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಆದರೆ ಬೆಳಗಿನ ಗಾಳಿ ಅವನ ಬೆನ್ನಿಗೇ ಬೀಸುತ್ತಿತ್ತು. ನಾನು ಹಿಡಿ ಮರಳು ತೆಗೆದು ಬಿಟ್ಟೆ. ಅದು ಎಡದಿಂದ ಬಲಕ್ಕೆ, ಅಪ್ಪ ಇದ್ದ ಕಡೆಯಿಂದ ಗಜಾಲ್‌ಗಳತ್ತ ತೇಲಿತು. ನೂರೈವತ್ತು ಹೆಜ್ಜೆ ಇನ್ನೂ ಉಳಿದಿರುವಾಗಲೇ ಮೂರೂ ತಲೆ ಎತ್ತಿದವು, ಬಾಲ ಅಲ್ಲಾಡಿಸಿದವು, ಜಿಗಿದವು. ಸ್ವಲ್ಪ ದೂರ ಹೋಗಿ ಮತ್ತೆ ಮೇಯತೊಡಗಿದವು. ಅಪ್ಪ ತಗ್ಗಿನಲ್ಲಿ ಸೊಂಟಕ್ಕೆ ಕೈಕೊಟ್ಟು ಒಬ್ಬನೇ ನಿಂತಿದ್ದ.

“ಹಣಮಂತಣ್ಣ ಯಾಕೆ ಎಡಗಡೆಯಿಂದ ಹೋದದ್ದು?” ಫೆಲಿಕ್ಸ್ ಅಂಕಲ್ ಪಿಸುಗುಟ್ಟಿದರು.

ನನಗೆ ಗೊತ್ತಾಗಿತ್ತು. ನಮ್ಮ ಹಾಲ್‌ನಲ್ಲಿ ಕಿಟಕಿ ಬಲಕ್ಕೆ, ಸೋಫಾ ಎಡಕ್ಕೆ. ಎಸಿಯ ಗಾಳಿ ತಪ್ಪಿಸಬೇಕಾದರೆ ಸೋಫಾದ ಕಡೆಯಿಂದಲೇ ಸುತ್ತಬೇಕು. ಅಷ್ಟು ವರ್ಷ ಆ ಚಾಪೆಯ ಮೇಲೆ ರಬ್ಬರಿನ ಎತ್ತನ್ನು ಎಡಗಡೆಯಿಂದಲೇ ಸರಿಸಿದವನ ಕಾಲುಗಳು ಇಲ್ಲಿಯೂ ಎಡಕ್ಕೇ ಹೋಗಿದ್ದವು. ಗಾಳಿ ನೋಡಲು ಅವನಿಗೆ ನೆನಪಾಗಲೇ ಇಲ್ಲ. ಅವನ ಬಯಲಿನಲ್ಲಿ ಗಾಳಿ ಎಂದೂ ದಿಕ್ಕು ಬದಲಿಸಿರಲಿಲ್ಲ.

ನನ್ನ ಸರದಿ ಬಂದಾಗ ಪೂರ್ವದ ದಿನ್ನೆಯ ಹಿಂದಿನಿಂದ ಐದಾರು ಒಂಟೆಗಳು ಬಂದವು. ದೂರದಲ್ಲಿ ಅವನ್ನು ಕಾಯುವವನು ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಒಂಟೆಗಳು ಅಲ್ಲಲ್ಲಿ ಬಾಯಾಡಿಸುತ್ತ ತಗ್ಗಿನತ್ತ ಇಳಿಯುತ್ತಿದ್ದವು. ಗಜಾಲ್‌ಗಳು ಅವುಗಳನ್ನು ನೋಡಿದವು, ಮತ್ತೆ ತಲೆ ಬಗ್ಗಿಸಿದವು. ನಾನು ಅಜ್ಜನ ಕಿವಿಯಲ್ಲಿ “ಎತ್ತು ಬಂತು,” ಎಂದು ಹೇಳಿ ಬಲಗಡೆಯಿಂದ, ಗಾಳಿಗೆ ಮುಖ ಕೊಟ್ಟು ಇಳಿದೆ. ಕೊನೆಯ ಒಂಟೆ ಮುದಿಯದು, ನಿಧಾನದ್ದು. ಅದರ ಮುಂಗಾಲಿನ ಪಕ್ಕಕ್ಕೆ ಸೇರಿಕೊಂಡೆ. ಅದು ಒಮ್ಮೆ ಮೂಸಿ, ನನ್ನಿಂದ ಪ್ರಯೋಜನವಿಲ್ಲವೆಂದು ಬಿಟ್ಟುಬಿಟ್ಟಿತು. ಅದು ಕಾಲಿಟ್ಟಾಗ ಕಾಲಿಟ್ಟೆ, ನಿಂತಾಗ ನಿಂತೆ. ಒಂಟೆಯ ಹೆಜ್ಜೆ ಫೆಲಿಕ್ಸ್ ಅಂಕಲ್ ಹೆಜ್ಜೆಗಿಂತ ಬಹಳ ದೊಡ್ಡದು. ಅದರ ಒಂದಕ್ಕೆ ನನ್ನದು ಮೂರು ಬೇಕಾಗುತ್ತಿತ್ತು. ಎಷ್ಟು ಹೊತ್ತಾಯಿತೋ. ಒಂಟೆಯ ಕತ್ತಿನ ಕೆಳಗಿನಿಂದ ಗಜಾಲ್‌ನ ಕಣ್ಣು ಕಂಡಿತು; ಕಣ್ಣ ಸುತ್ತಲಿನ ಬಿಳಿಯ ಗೆರೆ, ಕಿವಿಯೊಳಗಿನ ರೋಮ ಕಂಡಿತು. ಇನ್ನು ಸ್ವಲ್ಪ ಎಂದುಕೊಂಡೆ. ಅಷ್ಟೇ. ಆಸೆ ಬಂತು, ಹೆಜ್ಜೆ ಉದ್ದವಾಯಿತು, ಒಂಟೆಗಿಂತ ಮುಂಚೆ ನನ್ನ ಕಾಲು ಬಿತ್ತು. ಗಜಾಲ್ ನನ್ನನ್ನೇ ನೋಡಿತು. ನಾನು ನಿಂತೆ. ಅದೂ ನಿಂತಿತ್ತು. ಮೂವತ್ತರವರೆಗೆ ಎಣಿಸಿದೆ. ಆಮೇಲೆ ಅದು ಓಡಿತು.

ದಿನ್ನೆಯ ಮೇಲಿನವರಿಗೆ ಒಂಟೆಗಳ ಮರೆಯಲ್ಲಿ ನಾನು ಕಂಡಿರಲಿಲ್ಲ. ಅಳೆಯಲು ಅಜ್ಜನೇ ಹೊರಟ. ಅಪ್ಪನನ್ನು ಬರಬೇಡವೆಂದು ತಡೆದು, ನನ್ನ ಹೆಗಲ ಮೇಲೆ ಕೈಯಿಟ್ಟು ತಗ್ಗಿಗೆ ಇಳಿದ.

“ಎಲ್ಲಿ ನಿಂತಿದ್ದಿ, ತೋರಸು.”

ನ‌ನ್ನ ಕ್ಯಾನ್ವಾಸ್ ಬೂಟಿನ ಗುರುತು ಅಚ್ಚೊತ್ತಿದಂತೆ ಅವನ ಮುಂದೆಯೇ ಇತ್ತು. ಅಜ್ಜ ನನ್ನ ಹೆಗಲಿನಿಂದ ಕೈ ತೆಗೆದು ಕೋಲನ್ನು ನೇರವಾಗಿ ಅದರ ಮೇಲೆಯೇ ಊರಿದ. ಹೆಜ್ಜೆಗುರುತು ನೋಡಿ ಚಿಗರಿ ಗಬ್ಬವೋ ಅಲ್ಲವೋ ಹೇಳುತ್ತಿದ್ದ ಎಂದು ಅಪ್ಪ ಹೊಗಳುತ್ತಿದ್ದ ಅದೇ ಅಜ್ಜ. ಅವನು ಕಲಿಸಿದ ನಡಿಗೆಯಲ್ಲೇ, ಸಪ್ಪಳವಾಗದಂತೆ, ಎರಡು ಹೆಜ್ಜೆ ಬದಿಗೆ ಸರಿದೆ. ಅಜ್ಜ ನಾನು ಮೊದಲು ನಿಂತಿದ್ದ ಖಾಲಿ ಜಾಗದ ಜೊತೆಗೇ ಮಾತನಾಡುತ್ತಿದ್ದ.

“ಹೇಳು ತಂಗಿ, ಎಲ್ಲಿ?”

ಮೆಟ್ಟಿಲು ತಟ್ಟಿ ಇಳಿಯುತ್ತಿದ್ದದ್ದು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದದ್ದು ಎಲ್ಲ ಒಮ್ಮೆಲೇ ಅರ್ಥವಾಯಿತು. ಮುಂದೆ ಹನ್ನೆರಡು ಹದಿಮೂರು ಹೆಜ್ಜೆಯಲ್ಲಿ ಮರಳೆಲ್ಲ ಒಂಟೆಗಳ ತುಳಿತಕ್ಕೆ ಕದಡಿತ್ತು. ಅಲ್ಲಿ ಹೋಗಿ ನಿಂತು ‘ಇಲ್ಲಿ’ ಎಂದಿದ್ದರೆ ಕೇಳುವವರಿರಲಿಲ್ಲ. ನಲವತ್ತು ಸರಿಯಾಗುತ್ತಿತ್ತು. ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಮತ್ತೆ ಬಂದು ಅವನ ಕೈಯನ್ನು ನನ್ನ ಹೆಗಲ ಮೇಲಿಟ್ಟುಕೊಂಡೆ.

“ನಿನ್ನ ಕೋಲಿನ ಕೆಳಗ ಅದ, ಅಜ್ಜ.”

ಆಮೇಲೆ ಇಬ್ಬರೂ ಗಜಾಲ್ ನಿಂತಿದ್ದ ಜಾಗದವರೆಗೆ ಎಣಿಸುತ್ತ ನಡೆದೆವು. ಐವತ್ತೆರಡು.

“ನಲವತ್ತು ಅಂದಿದ್ರೂ ನಾ ಹೂಂ ಅಂತಿದ್ದೆ.”

“ಗೊತ್ತದ.”

“ಮತ್ಯಾಕ ಅನ್ನಲಿಲ್ಲ?”

“ಕಥಿ ಹೇಳೂವಾಗ ಚಿಗರಿ ಓಡ್ತದ.”

ಅಜ್ಜ ನನ್ನ ಹೆಗಲನ್ನು ಒತ್ತಿದ. “ಕಣ್ಣಿಂದು ಯಾರ ಮುಂದೂ ಹೇಳಬ್ಯಾಡ. ಹಣಮಂತ ಊರಿಗಿ ಒಬ್ಬಂವನ್ನ ಬಿಡಂಗಿಲ್ಲ.”

“ಹೇಳಂಗಿಲ್ಲ. ಆದ್ರ ಊರಿಗಿ ಹೋದ ಮ್ಯಾಲ ಡಾಕ್ಟರಿಗಿ ತೋರಸ್ತೀನಿ ಅಂತ ಆಣಿ ಮಾಡು.”

ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ದಿನ್ನೆ ಹತ್ತಿ ಬಂದು, ತಾನೇ ನೋಡಿ ಅಳೆದವನಂತೆ ಗಟ್ಟಿಯಾಗಿ ಹೇಳಿದ: “ಐವತ್ತೆರಡು.”

“ನಲವತ್ತಲ್ಲ,” ಎಂದ ಅಪ್ಪ. ಅವನ ದನಿಯಲ್ಲಿ ಸಮಾಧಾನವಿತ್ತು. ಪಂದ್ಯ ಯಾರದೂ ಆಗಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಮತ್ತೆ ಮತ್ತೆ ನನ್ನನ್ನು ನೋಡುತ್ತಿದ್ದ.

ದೀಪಾವಳಿಗೆ ಕೊನೆಯ ಹೊಂಚು. ಎರಡು ದಿನ ಬಿಟ್ಟು ಅಜ್ಜನ ವಿಮಾನ. ಗೆದ್ದವರಿಲ್ಲದ್ದರಿಂದ ಆ ದಿನದ ಕಥೆ ಮನೆಯ ಹಿರಿಯನದು. ಬಾಗಿಲ ಹೊರಗೆ ಅವ್ವ ಹಚ್ಚಿಟ್ಟ ಹಣತೆಗಳನ್ನು ಕಟ್ಟಡದ ಕಾವಲುಗಾರ ಬಂದು ಒಳಗಿಡಲು ಹೇಳಿದ್ದರಿಂದ ಅವೆಲ್ಲ ನನ್ನ ಓದುವ ಮೇಜಿನ ಮೇಲೆ ಸಾಲಾಗಿ ಉರಿಯುತ್ತಿದ್ದವು. ಗಾಳಿಗೆ ಆರದಿರಲೆಂದು ಎಸಿ ನಿಲ್ಲಿಸಿದ್ದರು. ಟಿಶ್ಯೂ ಎಳೆ ಜೋತುಬಿದ್ದಿತ್ತು. ಅಜ್ಜ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ನಾ ಉಸುಕಿನ ದಿನ್ನಿ ಮ್ಯಾಲ ನಿಂತಿದ್ದೆ. ಗಾಳಿ ಎಡಕಿಂದ ಬಲಕ್ಕ. ಬಲಕ್ಕ ಇಳದೆ. ಒಂಟಿ ಬಂದ್ವು.”

ಅದು ನನ್ನ ಬೇಟೆ. ಅಜ್ಜ ಅದನ್ನು ತನ್ನ ‘ನಾನು’ವಿನಲ್ಲಿ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಕಥೆಗಳು ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದವು. ಹತ್ತಿದ್ದು ಅದೇ ಮೊದಲು. ಒಂಟೆಯ ಕತ್ತಿನ ಕೆಳಗೆ ಬಂದಾಗ ಅಜ್ಜ ನಿಲ್ಲಿಸಿದ.

“ಮುಂದ ನನಗ ಕಾಣವಲ್ದು. ತಂಗಿ, ನೀ ಹೇಳು.”

ಮರೆತನೆಂದು ಎಲ್ಲರೂ ಅಂದುಕೊಂಡರು. ನಾನು ಬಾಗಿಲಿನಿಂದ ಬಂದು ಚಾಪೆಯ ಅಂಚಿನಲ್ಲಿ ಕೂತೆ. ಅಲ್ಲಿಯವರೆಗೆ ನಾನು ಆ ಚಾಪೆಯ ಮೇಲೆ ಕೂತಿರಲಿಲ್ಲ. ಗಜಾಲ್‌ನ ಕಣ್ಣ ಸುತ್ತಲಿನ ಬಿಳಿ ಗೆರೆ ಹೇಳಿದೆ. ಒಂಟೆಯ ಒಂದು ಹೆಜ್ಜೆಗೆ ನನ್ನ ಮೂರು ಹೆಜ್ಜೆ ಹೇಳಿದೆ. ಆಸೆಪಟ್ಟದ್ದು, ಕಾಲು ಮೊದಲು ಬಿದ್ದದ್ದು, ಮೂವತ್ತು ಎಣಿಸಿದ್ದು, ಐವತ್ತೆರಡಕ್ಕೆ ನಿಂತದ್ದು ಹೇಳಿದೆ. ಅಜ್ಜನ ಕಣ್ಣಿನ ಮಾತು ಬಿಟ್ಟು ಬೇರೇನನ್ನೂ ಬಿಡಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಎಲ್ಲಿ ಹಿಡಿಯಲಿ ಎಂದು ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ನಾನೂ ಅಷ್ಟು ವರ್ಷ ಬಾಗಿಲಲ್ಲಿ ನಿಂತು ಅದನ್ನೇ ಮಾಡಿದವಳು. ಮುಗಿಸಿದೆ.

“ಹಣಮಂತಣ್ಣ, ಓಡಿತಾ?” ಫೆಲಿಕ್ಸ್ ಅಂಕಲ್ ಕೇಳಿದರು.

ಅಪ್ಪ ಕಣ್ಣು ತೆರೆದ. “ಇಲ್ಲ,” ಎಂದ. ಆಮೇಲೆ ನೆಲ ನೋಡುತ್ತ, “ನಾ ಎಡಕ್ಕ ಯಾಕ ಹೋದ್ನೋ,” ಎಂದ.

ಊಟಕ್ಕೆ ಕೂತಾಗ ಅವ್ವ ಸಣ್ಣ ಬಾಣಲೆಯನ್ನು ಅಭ್ಯಾಸದಂತೆ ಅಪ್ಪನ ಮುಂದಿಟ್ಟಳು. ಅಪ್ಪ ಸೌಟು ತೆಗೆದುಕೊಂಡು ನಾಲ್ಕೂ ತುಂಡುಗಳನ್ನು ನನ್ನ ತಟ್ಟೆಗೆ ಹಾಕಿದ. ನಾನು ಒಂದನ್ನು ಎತ್ತಿ ಅವ್ವನ ತಟ್ಟೆಯಲ್ಲಿಟ್ಟೆ. ಅವ್ವ ಅಪ್ಪನ ಕಡೆ ನೋಡಿದಳು, ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

“ಉಪ್ಪು ಕಮ್ಮಿ ಆಗ್ಯಾದಲ್ಲ! ಇಷ್ಟು ವರ್ಷ ತಿಂದ್ರಿ, ಒಬ್ಬರರೆ ಹೇಳಬಾರದೇನು?”

ಫೆಲಿಕ್ಸ್ ಅಂಕಲ್ ಅನ್ನ ನೆತ್ತಿಗೇರುವಷ್ಟು ನಕ್ಕರು. ಅಪ್ಪನೂ ನಕ್ಕ. ಅಜ್ಜ ತಟ್ಟೆಯ ಅಂಚನ್ನು ಬೆರಳಿನಿಂದ ಹುಡುಕಿ, ರೊಟ್ಟಿ ಮುರಿದ. ನನ್ನ ತಟ್ಟೆಯಲ್ಲಿ ಇನ್ನೂ ಮೂರಿದ್ದವು. ವಾಸನೆ ಈಗಲೂ ಸೇರುತ್ತಿರಲಿಲ್ಲ. ಒಂದೊಂದಾಗಿ ಮೂರನ್ನೂ ತಿಂದೆ. ನೀರು ಕೇಳಲಿಲ್ಲ.